ಸಂಗ್ರಹ ಮತ್ತು ಪರಿಗ್ರಹ

ಹಳೆಯ ವಸ್ತುಗಳನ್ನು ಕೂಡಿಡುವವರನ್ನು ಲೋಕವು ರಸಿಕರೆಂದು ಹೊಗಳುತ್ತದೆ; ಶಾಸ್ತ್ರವು ಅಷ್ಟು ಬೇಗ ಹೊಗಳುವುದಿಲ್ಲ. ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದ ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರಗಳ ಜತೆಗೆ ಬಟ್ಟೆ ಮತ್ತು ಪಾತ್ರೆಗಳೂ ಎಣಿಕೆಗೆ ಸೇರಿವೆ. ಹಾಗಾದರೆ ಅಜ್ಜಿಯ ಹಿತ್ತಾಳೆಯ ಚೆಂಬು, ತಾತನ ಲೆಕ್ಕದ ಪುಸ್ತಕ, ಮುತ್ತಾತನ ಕಾಲದ ತಾಡವೋಲೆಯ ಕಟ್ಟು, ಇವೆಲ್ಲ ಯಾವ ಖಾತೆಗೆ ಜಮೆಯಾಗಬೇಕು? ನಮ್ಮ ಕೆಂಗೇರಿ ಉಪನಗರದಂತಹ ಬಡಾವಣೆಗಳಲ್ಲಿ ಹಳೆಯ ಮನೆಗಳು ಕೆಡವಲ್ಪಟ್ಟು ಎರಡು ಕೋಣೆಯ ವಸತಿಗಳಾಗುತ್ತಿರುವಾಗ ಈ ಪ್ರಶ್ನೆಯು ಪ್ರತಿಯೊಂದು ಕುಟುಂಬದ ಮುಂದೆಯೂ ನಿಂತಿದೆ.

ಇಲ್ಲಿಂದ ಮೈಸೂರು ರಸ್ತೆಯಲ್ಲಿ ರಾಮನಗರವನ್ನು ದಾಟಿದೊಡನೆ ಜಾನಪದ ಲೋಕವಿದೆ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ಸುಮಾರು 15 ಎಕರೆಯ ಈ ಲೋಕವನ್ನು ನಾಡಿಗೆ ಒಪ್ಪಿಸಿದರು. ಲೋಕಮಹಲಿನ ತೊಗಲುಗೊಂಬೆಗಳ ಮುಂದೆ ಮಕ್ಕಳು ನಿಲ್ಲುತ್ತಾರೆ. ವ್ಯಾಪಾರಿಯಾದ ನನ್ನ ಕಾಲುಗಳು ನಿಲ್ಲುವುದು ಗೃಹೋಪಯೋಗಿ ವಸ್ತುಗಳ ವಿಭಾಗದಲ್ಲಿ, ಧಾನ್ಯದ ಅಳತೆಯ ಸಾಧನಗಳ ಎದುರಿಗೆ. ಪಾವು, ಸೇರು, ಬಳ್ಳ, ಕೊಳಗ! ನಾಲ್ಕು ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕವು ಎಲ್ಲರ ಬಾಯಲ್ಲಿದ್ದರೂ ಸೇರಿನ ಗಾತ್ರವು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯು ಹಂತಹಂತವಾಗಿ ಜಾರಿಗೆ ಬಂದಮೇಲೆ ಇವು ಅಂಗಡಿಯಿಂದ ಅಟ್ಟಕ್ಕೇರಿದವು. ಅಟ್ಟದಿಂದ ಬಹುಪಾಲು ಗುಜರಿಗೆ ಹೋದವು.

ಈ ಸೇರನ್ನು ಕೇವಲ ಪುರಾತನ ವಸ್ತುವೆಂದು ನೋಡಿ ಮುಂದೆ ಹೋಗುವುದು ಅರ್ಧ ನೋಟವೆಂದೇ ನನ್ನ ಅಭಿಪ್ರಾಯ. ಕೊಳ್ಳುವಾಗ ಹೆಚ್ಚಿನ ಅಳತೆ, ಮಾರುವಾಗ ಕಡಿಮೆ ಅಳತೆ ಬಳಸುವುದನ್ನು ತತ್ತ್ವಾರ್ಥಸೂತ್ರವು ಹೀನಾಧಿಕ ಮಾನೋನ್ಮಾನವೆಂದು ಹೆಸರಿಸಿ ಅಚೌರ್ಯ ವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಒಂದು ಮನೆತನವು ಒಂದೇ ಸೇರಿನಿಂದ ಕೊಂಡು ಅದೇ ಸೇರಿನಿಂದ ಮಾರಿದ್ದರೆ ಆ ಸೇರು ಆ ಮನೆಯ ವ್ರತದ ಸಾಕ್ಷಿ. ಆದರೆ ಅದು ಯಾವ ಅಂಗಡಿಯದು, ಯಾರ ಕೈಯಲ್ಲಿ ಸವೆಯಿತು ಎಂಬುದನ್ನು ಕೊಟ್ಟವರೇ ಬರೆದು ಕೊಡದಿದ್ದರೆ ಯಾವ ಸಂಗ್ರಹಾಲಯದ ಫಲಕವೂ ಅದನ್ನು ಹೇಳಲಾರದು. ಸಾಕ್ಷಿಯು ಹೋಗಿ ಮರ ಮತ್ತು ಲೋಹ ಮಾತ್ರ ಉಳಿಯುತ್ತವೆ. ನಾಗೇಗೌಡರು ವಸ್ತುವಿನೊಡನೆ ಹಾಡು, ಕಥೆಗಳನ್ನೂ ಸಂಗ್ರಹಿಸಿದುದರಿಂದಲೇ ಅವರ ಸಂಗ್ರಹಕ್ಕೆ ಉಸಿರಿದೆ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವು ಇನ್ನೊಂದು ಬಗೆಯದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಇಲ್ಲಿ ತಾಡವೋಲೆಗಳಿರುವಂತೆಯೇ ಕ್ಯಾಮರಾಗಳೂ ಇವೆ. ಹಳೆಯ ಮೋಟಾರು ಕಾರುಗಳಿಗೆ ಬೇರೆಯೇ ಸಂಗ್ರಹಾಲಯವಿದೆ. ಇಷ್ಟೊಂದು ಕ್ಯಾಮರಾಗಳು ಏಕೆಂದು ಕೆಲವರು ಕೇಳುವುದುಂಟು. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಎಂದರೆ ನನ್ನದೆಂಬ ಮಮತೆಯಲ್ಲಿ ಹೇಳಿದ್ದಾರೆ. ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದೇ ಕ್ಯಾಮರಾ ಪರಿಗ್ರಹವಾಗಬಹುದು. ಯಾತ್ರಿಕರೆಲ್ಲರ ಕಣ್ಣಿಗೆ ತೆರೆದಿಟ್ಟ ಸಾಲು ಅದಕ್ಕಿಂತ ಹಗುರವಾಗಿರಬಹುದು.

ಆದರೆ ತೆರೆದಿಡುವುದೆಂದರೇನು? ಇದಕ್ಕೆ ಮೂಡಬಿದಿರೆಯ ಸಿದ್ಧಾಂತ ಬಸದಿಯ ಇತಿಹಾಸಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ. ಧವಲ, ಜಯಧವಲ, ಮಹಾಧವಲ ಗ್ರಂಥಗಳ ಹಳಗನ್ನಡ ಲಿಪಿಯ ತಾಡವೋಲೆ ಪ್ರತಿಗಳನ್ನು ಅಲ್ಲಿಯ ಗುರುಪೀಠ ಹಾಗೂ ಶ್ರಾವಕರು ಶತಮಾನಗಳವರೆಗೆ ಕಾಪಾಡಿದರು. ಅವರು ಕಾಪಾಡದಿದ್ದರೆ ಷಟ್ಖಂಡಾಗಮವೇ ನಮಗೆ ದಕ್ಕುತ್ತಿರಲಿಲ್ಲ. ಆ ಋಣವನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತೆಂದರೆ, ಬಹುಕಾಲ ಅವು ಯಾತ್ರಿಕರಿಗೆ ದರ್ಶನದ ವಸ್ತುಗಳಾಗಿದ್ದವೇ ಹೊರತು ಓದುವ ಗ್ರಂಥಗಳಾಗಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿಲೇಖನ ಕಾರ್ಯವು ಎರಡು ದಶಕಗಳಿಗೂ ಮೀರಿ ನಡೆಯಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟವು ಅಚ್ಚಾಯಿತು; 16ನೆಯದು 1958ರಲ್ಲಿ ಮುಗಿಯಿತು. ಓಲೆಗಳು ಇದ್ದಲ್ಲಿಯೇ ಇದ್ದವು, ಶ್ರುತವು ಮಾತ್ರ ದೇಶವನ್ನೆಲ್ಲ ಸಂಚರಿಸಿತು. ಇದು ನಮಗೆ ಹೊಸ ದಾರಿಯೇನೂ ಅಲ್ಲ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿಯೇ ಇದನ್ನು ತೋರಿಸಿದ್ದಳು.

ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧವಾದುದು. ಓಲೆಯ ಕಟ್ಟಿಗೆ ಶ್ರುತಪಂಚಮಿಯಂದು ಅರಿಸಿನ ಕುಂಕುಮವೇರುತ್ತದೆ. ಅದರೊಳಗೆ ಏನಿದೆಯೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯದು. ಮನೆ ಬದಲಾಯಿಸುವ ದಿನ ಹಿತ್ತಾಳೆ, ಕಂಚುಗಳು ಕಿಲೋ ಲೆಕ್ಕದಲ್ಲಿ ತೂಗಿ ಹೋಗುತ್ತವೆ. ಜಿನಬಿಂಬವನ್ನು ತೂಗಲು ಮನಸ್ಸು ಬಾರದೆ ಯಾವುದಾದರೊಂದು ಬಸದಿಯ ಜಗಲಿಯಲ್ಲಿ ಇಟ್ಟು ಬರುತ್ತೇವೆ. ಭಕ್ತಿಯಿಂದ ಇಟ್ಟೆವೆಂದು ಹೇಳಿಕೊಂಡರೂ, ಹೆಸರು ಬರೆಸದೆ ಬರುವುದು ದಾನವೋ ಭಾರ ಇಳಿಸಿಕೊಳ್ಳುವ ಉಪಾಯವೋ ಎಂಬುದನ್ನು ವಿಚಾರಿಸಬೇಕಾಗಿದೆ.

ಇಲ್ಲಿ ಕಾನೂನಿನ ಮಾತೂ ಉಂಟು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ 100 ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ, ಲೋಹದ ವಿಗ್ರಹಗಳು ಪ್ರಾಚ್ಯವಸ್ತುಗಳೆನಿಸುತ್ತವೆ; ಐತಿಹಾಸಿಕ ಅಥವಾ ಸಾಹಿತ್ಯಿಕ ಬೆಲೆಯುಳ್ಳ ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು; ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಪರದೇಶದಲ್ಲಿರುವ ಮಗನ ಮನೆಗೆ ಹಳೆಯ ಬಿಂಬವನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯುವ ತಂದೆತಾಯಿಗಳು ಇದನ್ನು ಅರಿತಿರಬೇಕು.

ಬಸದಿಗಳ ಟ್ರಸ್ಟುಗಳವರಲ್ಲಿ ನನ್ನದೊಂದು ವಿನಂತಿಯಿದೆ. ಹುಂಡಿಯ ಹಣಕ್ಕೆ ಪೈಸೆಪೈಸೆಗೆ ಲೆಕ್ಕ ಬರೆಯುವ ನಾವು, ಬಂದ ವಸ್ತುವಿಗೂ ಒಂದು ದಾಸ್ತಾನು ಪುಸ್ತಕವನ್ನು ಇಡಬೇಕು. ಕೊಟ್ಟ ಮನೆತನ, ಊರು, ತೂಕ, ಎತ್ತರ, ಪೀಠದ ಬರೆಹ, ಒಂದು ಛಾಯಾಚಿತ್ರ, ಮನೆಯವರು ಹೇಳುವ ವೃತ್ತಾಂತ ನಾಲ್ಕು ಸಾಲು, ಕೆಳಗೆ ಇಬ್ಬರ ಸಹಿ. ಓಲೆಗಳಾದರೆ ಮೂಡಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನ ಅಥವಾ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯ ವಿದ್ವಾಂಸರಿಗೆ ಮೊದಲು ತೋರಿಸಿ, ಗ್ರಂಥದ ಹೆಸರನ್ನು ತಿಳಿದು ಬರೆದುಕೊಳ್ಳಬೇಕು. ಪುಸ್ತಕದ ಒಂದು ನಕಲು ಬಸದಿಯಲ್ಲಿರಲಿ, ಇನ್ನೊಂದು ಕೊಟ್ಟವರ ಕೈಯಲ್ಲಿರಲಿ.