ಕಾರ್ಬನ್ ಸಂಖ್ಯೆ ಬಿಡಿ, ಉಂಗುರ ನೋಡಿ

ಸೇಲಂ ಬಳಿಯ ನೇಕಾರರ ಊರು ತಾರಮಂಗಲದವರಿಗೆ ಕಡಲು ದೂರ. ಕಡಲೂರಿಗೋ ಪುದುಚೇರಿಗೋ ಬಸ್ಸಿನಲ್ಲಿ ಐದಾರು ಗಂಟೆ. ಮಂಗಳೂರು, ಮಲ್ಪೆ ಎಂದರೆ ಇಡೀ ರಾತ್ರಿಯ ಪ್ರಯಾಣ. ಗಾಳ ಹಾಕುವ ಆಸೆ ಇದ್ದವರಿಗೆ ಹತ್ತಿರದ ನೀರೆಂದರೆ ಮೆಟ್ಟೂರು. 1934ರಲ್ಲಿ ಅಣೆಕಟ್ಟು ಮುಗಿದಂದಿನಿಂದ ಕಾವೇರಿ ಅಲ್ಲಿ ಅಗಲವಾಗಿ ನಿಂತಿದೆ. ಕಟ್ಲಾ ಸಿಗುತ್ತದೆ, ಜಿಲೇಬಿ ಮೀನಂತೂ ಸಿಕ್ಕೇ ಸಿಗುತ್ತದೆ. ಅಲ್ಲಿಗೆಂದು ಕೊಂಡ ಕೋಲನ್ನೇ ರಜೆಯಲ್ಲಿ ಸಮುದ್ರಕ್ಕೂ ಒಯ್ಯುತ್ತಾರೆ. ಎರಡು ರಜೆ ಕಳೆಯುವಷ್ಟರಲ್ಲಿ ಉಂಗುರಗಳ ಬುಡದಲ್ಲಿ ಕಂದು ಕಲೆ, ರೀಲು ಕೂರುವ ಜಾಗದಲ್ಲಿ ಬಿಳಿ ಪುಡಿ. ಮಾರುವವರೋ ಸಿಹಿನೀರಿಗೂ ಉಪ್ಪುನೀರಿಗೂ ಒಂದೇ ಕೋಲು ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿಸಿರುತ್ತಾರೆ. ಮೂರು ಸಾವಿರ ರೂಪಾಯಿ ಆಸುಪಾಸಿನ ಸ್ಪಿನ್ನಿಂಗ್ ಕೋಲುಗಳ ಬಗ್ಗೆ ನನ್ನ ಮೊದಲ ತಕರಾರು ಈ ಸಾಲಿನ ಮೇಲೆಯೇ.

ಈ ಸಲಕರಣೆಯ ಗುಣದೋಷ ತೂಗಲು ನೇಕಾರರ ಊರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಸ್ಪಿನ್ನಿಂಗ್ ರೀಲು ಹುಟ್ಟಿದ್ದೇ ನೂಲಿನ ಲೋಕದಲ್ಲಿ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು; ಅಲ್ಲಿನ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದರು. ಗಿರಣಿಯ ಬಾಬಿನ್ನಿನಿಂದ ನೂಲು ಕಳಚುವುದನ್ನು ಕಂಡೇ ಅವರಿಗೆ ಇದು ಹೊಳೆಯಿತು ಎನ್ನುತ್ತಾರೆ. ಸೇಲಂ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ದೇವಾಂಗ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಳಿ ಅತ್ತಿಂದಿತ್ತ ಓಡುವಾಗ ಒಳಗಿನ ಕಂಡಿಕೆ ತಿರುಗುವುದಿಲ್ಲ. ನೂಲು ಅದರ ತುದಿಯಿಂದ ಸುತ್ತು ಸುತ್ತಾಗಿ ಜಾರಿ ಬರುತ್ತದೆ. ಸ್ಪಿನ್ನಿಂಗ್ ರೀಲೂ ಅಷ್ಟೆ. ಎಸೆದಾಗ ಸುರುಳಿ ನಿಂತಲ್ಲೇ ನಿಂತಿರುತ್ತದೆ, ದಾರ ಮಾತ್ರ ಬಳೆಬಳೆಯಾಗಿ ಬಿಚ್ಚಿಕೊಂಡು ಹಾರುತ್ತದೆ.

ಹಾಗೆ ಬಿಚ್ಚಿದ ದಾರವನ್ನು ಅಂಕೆಗೆ ತಂದು ನೇರ ಮಾಡುವುದು ಕೋಲಿನ ಉಂಗುರಗಳ ಕೆಲಸ. ರೀಲಿಗೆ ಹತ್ತಿರದ್ದು ದೊಡ್ಡದಿರಬೇಕು, ಕೋಲಿನಿಂದ ಎತ್ತರದಲ್ಲಿ ನಿಂತಿರಬೇಕು. ಮುಂದಿನವು ತುದಿಯವರೆಗೆ ಸಣ್ಣವಾಗುತ್ತ ಹೋಗಬೇಕು. ಅಗ್ಗದ ಕೋಲು ತಯಾರಿಸುವವರು ಮೊದಲು ಕತ್ತರಿ ಹಾಕುವುದು ಇಲ್ಲಿಗೇ. ಎಂಟಡಿ ಕೋಲಿಗೆ ನಾಲ್ಕೋ ಐದೋ ಉಂಗುರ ಕಟ್ಟಿ ಮುಗಿಸುತ್ತಾರೆ. ಮೀನು ಎಳೆದಾಗ ಕೋಲು ಬಿಲ್ಲಾಗಿ ಬಾಗುತ್ತದೆ, ದಾರ ಆ ಬಾಗನ್ನು ಅನುಸರಿಸದೆ ಉಂಗುರದಿಂದ ಉಂಗುರಕ್ಕೆ ಅಡ್ಡದಾರಿ ಹಿಡಿಯುತ್ತದೆ, ಭಾರವೆಲ್ಲ ಎರಡು ಮೂರು ಕಡೆ ಬೀಳುತ್ತದೆ. ಕೋಲು ಮುರಿದಾಗ ಎಲ್ಲರೂ ಅದರ ಕಾರ್ಬನ್ ನಾರನ್ನು ಬೈಯುತ್ತಾರೆ, ಉಂಗುರ ಎಣಿಸಿದವರು ಕಡಿಮೆ.

ಉಂಗುರದ ಒಳಮೈ ಇನ್ನೂ ಮುಖ್ಯ. ಇಂದು ಸಮುದ್ರಕ್ಕೆ ಬಳಸುವುದು ಹೆಚ್ಚಾಗಿ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದ ದಾರ. ಅದಕ್ಕೆ ಮರಳು, ಉಪ್ಪಿನ ಹರಳು ಮೆತ್ತಿಕೊಂಡರೆ ಅರ ಹಾಕಿದಂತೆ ಲೋಹವನ್ನು ತೇಯುತ್ತದೆ. ಬರೀ ಕ್ರೋಮ್ ಲೇಪದ ಉಂಗುರದಲ್ಲಿ ಗೀರು ಬೀಳುತ್ತದೆ, ಆಮೇಲೆ ಆ ಗೀರೇ ದಾರವನ್ನು ಕೊಯ್ಯುತ್ತದೆ. ನೂಲು ಸದಾ ಉಜ್ಜುವ ಕಡೆ ಗಿರಣಿಗಳಲ್ಲಿ ಪಿಂಗಾಣಿ ಕಣ್ಣು ಕೂರಿಸುವುದು ಇದೇ ಕಾರಣಕ್ಕೆ. ಕೋಲಿನಲ್ಲೂ ಅಲ್ಯುಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಒಳಬಳೆ ಇರಬೇಕು. ಇದೆಯೋ, ಬಿರುಕು ಬಿಟ್ಟಿದೆಯೋ ತಿಳಿಯಲು ಒಂದು ಹಿಡಿ ಹತ್ತಿ ಸಾಕು. ಪ್ರತಿ ಉಂಗುರದೊಳಗೆ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಕೋಲು ಹಿಂದಕ್ಕೆ ಕಳಿಸಿ. ಉಂಗುರದ ಚೌಕಟ್ಟು 316 ದರ್ಜೆಯ ಸ್ಟೇನ್‌ಲೆಸ್ ಆಗಿದ್ದರೆ ಪುಣ್ಯ. ಅದರಲ್ಲಿನ ಮಾಲಿಬ್ಡಿನಂ ಉಪ್ಪು ಕೊರೆಯುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಈ ಬೆಲೆಗೆ ಅದು ಅಪರೂಪ.

ಕಾರ್ಬನ್ ಬಗ್ಗೆ ಇಷ್ಟು ಬರೆಯಬೇಕಾಗಿಲ್ಲ, ಆದರೆ ಜಾಹೀರಾತು ಸುಮ್ಮನಿರಲು ಬಿಡುವುದಿಲ್ಲ. 24 ಟನ್, 30 ಟನ್, 40 ಟನ್ ಎಂದು ಕೂಗುವ ಸಂಖ್ಯೆ ಆ ನಾರು ಎಷ್ಟು ಸೆಟೆದು ನಿಲ್ಲುತ್ತದೆ ಎಂಬುದರ ಅಳತೆ. ಅದು ಎಷ್ಟು ಭಾರ ತಡೆಯುತ್ತದೆ ಎಂಬುದು ಬೇರೆಯೇ ಮಾತು. ಸಂಖ್ಯೆ ಏರಿದಂತೆ ಕೋಲು ಹಗುರ, ಚುರುಕು. ಬಂಡೆಗೆ ಬಡಿದರೆ ಬಿರಿಯುವ ಭಯವೂ ಅಷ್ಟೇ ಹೆಚ್ಚು. ಅಲೆತಡೆಯ ಕಲ್ಲುಗಳ ಮೇಲೆ ಕಾಲು ಜಾರುತ್ತ ನಿಲ್ಲುವವನಿಗೆ ಗಾಜಿನ ನಾರು ಬೆರೆಸಿದ ಕೋಲೇ ವಾಸಿ. ಅಮೆರಿಕದ ಶೇಕ್ಸ್‌ಪಿಯರ್ ಕಂಪನಿ 1976ರಲ್ಲಿ ತಂದ ಅಗ್ಲಿ ಸ್ಟಿಕ್ ಈ ಬೆರಕೆಯಿಂದಲೇ ಹೆಸರು ಮಾಡಿತು. ಅದು ಭಾರ, ದಿನವಿಡೀ ಎಸೆದರೆ ಭುಜ ದಣಿಯುತ್ತದೆ, ತುದಿಯ ಸೂಕ್ಷ್ಮ ಮಿಡಿತ ಕೈಗೆ ಮಂದವಾಗಿ ಬರುತ್ತದೆ. ಇಷ್ಟೆಲ್ಲ ಕೊರತೆ ಇದ್ದೂ ವರ್ಷಕ್ಕೆ ಒಂದೆರಡು ಸಲ ಕಡಲಿಗೆ ಹೋಗುವವನಿಗೆ ನಾನು ಅಂಥದ್ದನ್ನೇ ಹೇಳುತ್ತೇನೆ. ಯಾವ ಕೋಲಾದರೂ ಕಾರ್ಬನ್ ಇದ್ದರೆ ವಿದ್ಯುತ್ ಹರಿಯುತ್ತದೆ. ತಂತಿಯ ಕೆಳಗೆ, ಗುಡುಗಿನ ಹೊತ್ತಿನಲ್ಲಿ ಎತ್ತಬಾರದು.

ಉದ್ದದ ವಿಚಾರ ಸರಳ. ಅಲೆತಡೆ, ಅಳಿವೆಯಂಥ ಕಡೆ ಎಂಟಡಿ, ಹದಿನೈದರಿಂದ ನಲವತ್ತು ಗ್ರಾಂ ಎಸೆಯುವಂಥದ್ದು ಸಾಕು. ಕೊಡುವಾ, ಸಣ್ಣ ಪಾರೈ ಮೀನಿಗೆ ಅದರಲ್ಲಿ ಶಕ್ತಿ ಇದೆ. ತೆರೆ ದಾಟಿಸಿ ಎಸೆಯಬೇಕಾದ ಬಯಲು ಮರಳಿಗೆ ಒಂಬತ್ತೋ ಹತ್ತೋ ಅಡಿ ಬೇಕು.

ಒಂದರೊಳಗೊಂದು ಸೇರಿ ಚೀಲದಲ್ಲಿ ಕೂರುವ ಮಡಿಚು ಕೋಲನ್ನು ಮಾತ್ರ ನಾನು ಒಪ್ಪಲಾರೆ. ಒಳನಾಡಿನವರು ಅದಕ್ಕೆ ಮರುಳಾಗುವುದು ಸಹಜ, ಬಸ್ಸಿನಲ್ಲಿ ಯಾರಿಗೂ ತಾಗದಂತೆ ಒಯ್ಯಬಹುದು. ಆದರೆ ಪ್ರತಿ ಸಂದಿನಲ್ಲೂ ಮರಳು, ಉಪ್ಪುನೀರು ಒಳಗೆ ಹೋಗುತ್ತದೆ. ಮಡಿಚಿಟ್ಟರೆ ಅಲ್ಲೇ ಒಣಗಿ ಕಚ್ಚಿಕೊಳ್ಳುತ್ತದೆ. ಉಂಗುರಗಳೂ ತುಂಡುಗಳ ತುದಿಗೇ ಬಂದು ನಿಲ್ಲಬೇಕಾಗುತ್ತದೆ, ಬೇಕಾದಲ್ಲಿ ಕಟ್ಟಲು ಬರುವುದಿಲ್ಲ. ಎರಡು ತುಂಡಿನ ಎಂಟಡಿ ಕೋಲು ಬಿಡಿಸಿದರೆ ನಾಲ್ಕಡಿ. ರೈಲಿನ ಸೀಟಿನ ಕೆಳಗೆ ಹಿಡಿಯುತ್ತದೆ. ಮೂರು ನಾಲ್ಕು ತುಂಡಿನವೂ ಸಿಗುತ್ತವೆ.

ಒಳನಾಡಿನ ಕೋಲು ಸಾಯುವುದು ಕಡಲಲ್ಲಿ ಅಲ್ಲ, ಮನೆಯ ಮೂಲೆಯಲ್ಲಿ. ಮರಳಿ ಬಂದವನು ದಣಿದು ಅದನ್ನು ಹಾಗೆಯೇ ಒರಗಿಸುತ್ತಾನೆ, ಮುಂದಿನ ರಜೆಯವರೆಗೆ ಉಪ್ಪು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಕಾರ್ಬನ್ನೂ ಅಲ್ಯುಮಿನಿಯಮ್ಮೂ ಒಂದಕ್ಕೊಂದು ತಾಗಿರುವ ಕಡೆ ಆ ತೇವ ಲೋಹವನ್ನು ಇನ್ನೂ ಬೇಗ ತಿನ್ನುತ್ತದೆ. ರೀಲು ಹಿಡಿಯುವ ತಿರುಪು ಕಚ್ಚಿಕೊಳ್ಳುವುದು ಹೀಗೆ. ಹಿಂದಿರುಗುವ ಮುನ್ನ ಕರಾವಳಿಯಲ್ಲೇ ಒಂದು ಬಕೆಟ್ ಸಿಹಿನೀರು ಸುರಿದು, ರೀಲು ಬಿಚ್ಚಿ, ನೆರಳಲ್ಲಿ ಒಣಗಿಸಿದರೆ ಅಗ್ಗದ ಕೋಲೂ ಬಹಳ ದಿನ ಬಾಳುತ್ತದೆ. ಐದು ಸಾವಿರ ಇಟ್ಟುಕೊಂಡು ಬಂದವರಿಗೆ ನನ್ನ ಲೆಕ್ಕ ಇದು: ಒಳ್ಳೆಯ ಒಳಬಳೆಯ, ಗಾಜು ಬೆರೆಸಿದ ಎರಡು ತುಂಡಿನ ಕೋಲಿಗೆ ಎರಡು ಸಾವಿರ, ಉಳಿದ ಮೂರು ರೀಲಿಗೆ ಮತ್ತು ದಾರಕ್ಕೆ. ಮಡಿಚು ಕೋಲು ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ಮೆಟ್ಟೂರಿನ ಜಿಲೇಬಿಗೆ ಆದೀತು.