ಇನ್ನೋವಾದ ಮೂರನೇ ಸಾಲು

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಏಳು ಜನ ಕೂರುವ ಗಾಡಿ ಹುಡುಕುವ ಮನೆಯವರಿಗೆ ಎಲ್ಲ ದಿಕ್ಕಿನಿಂದಲೂ ಒಂದೇ ಸಲಹೆ ಬರುತ್ತದೆ: ‘ಕಣ್ಣುಮುಚ್ಚಿ ಇನ್ನೋವಾ ತಗೊಳ್ರಿ.’ ಹೊಸದಕ್ಕೆ ದುಡ್ಡು ಸಾಲದಿದ್ದರೆ ಹಳೆಯದು, ಎರಡು ಲಕ್ಷ ಕಿಲೋಮೀಟರ್ ಓಡಿದ್ದರೂ ಪರವಾಗಿಲ್ಲ. ಗ್ಯಾರೇಜಿನ ಮೇಸ್ತ್ರಿ, ಸೆಕೆಂಡ್ ಹ್ಯಾಂಡ್ ಗಾಡಿಯ ಬ್ರೋಕರ್, ಬೆಂಗಳೂರಿನಲ್ಲಿ ಕುಳಿತು ವಿಡಿಯೊ ಮಾಡುವ ಮೋಟಾರು ವಿಮರ್ಶಕರು ಎಲ್ಲರದೂ ಇದೇ ರಾಗ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೋವಾದ ಎಂಜಿನ್‌ಗೆ ಬಂದ ಹೆಸರು ನ್ಯಾಯವಾದದ್ದು. ಮನೆಮಂದಿಯ ಗಾಡಿ ಎಂದು ಅದಕ್ಕೆ ಬಂದಿರುವ ಹೆಸರು ಮಾತ್ರ ಅದರ ಯೋಗ್ಯತೆಗಿಂತ ದೊಡ್ಡದು. ಆ ಹೆಸರಿನ ಅಬ್ಬರದಲ್ಲಿ ಮಹೀಂದ್ರ ಮರಾಜೊದಂಥ ಒಳ್ಳೆಯ ಗಾಡಿಯನ್ನು ಯಾರೂ ಸರಿಯಾಗಿ ನೋಡಲೇ ಇಲ್ಲ.

ಟೊಯೊಟಾದ ಬಿಡದಿ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂದದ್ದು, 2005ರಲ್ಲಿ ಇನ್ನೋವಾ ಅದರ ಜಾಗ ಹಿಡಿದದ್ದು, 2016ರಲ್ಲಿ ಅದು ಕ್ರಿಸ್ಟಾ ಆದದ್ದು ಗೊತ್ತಿರುವ ಕಥೆ. ನಮ್ಮ ಕಡೆ ಈ ಕಥೆಗೆ ಅದಿರಿನ ಬಣ್ಣವೂ ಹತ್ತಿದೆ. ಮೊದಲ ಇನ್ನೋವಾಗಳು ಬಂದ ವರ್ಷಗಳೇ ಸಂಡೂರಿನ ಗಣಿಗಳ ಏರುಗಾಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಗಣಿ ಕಚೇರಿಯ ಮುಂದೆ ನಿಂತ ಇನ್ನೋವಾ ಎಂದರೆ ಅಂತಸ್ತು. ಗಣಿಯ ಗದ್ದಲ ಇಳಿಯಿತು, ಅಂತಸ್ತು ಇಳಿಯಲಿಲ್ಲ. ಇವತ್ತಿಗೂ ಕೆಎ-35 ನಂಬರಿನ ಹಳೆಯ ಇನ್ನೋವಾಗೆ ಹೇಳುವ ರೇಟಿನಲ್ಲಿ ಆ ಅಂತಸ್ತಿನ ಬೆಲೆಯೂ ಸೇರಿರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಏಳು ಸೀಟಿನ ಗಾಡಿಯನ್ನು ಅಳೆಯಬೇಕಾದ ಜಾಗ ಮೂರನೇ ಸಾಲು. ಮುಂದಿನ ಎರಡು ಸಾಲು ಯಾವ ಕಾರಿನಲ್ಲಾದರೂ ಇರುತ್ತದೆ. ಹೆಚ್ಚಿನ ಲಕ್ಷಗಳನ್ನು ನಾವು ಸುರಿಯುವುದು ಹಿಂದಿನ ಆ ಒಂದು ಸಾಲಿಗಾಗಿ. ಅಲ್ಲಿ ಕೂರುವವರು ಯಾರು? ಹುಣ್ಣಿಮೆಗೆ ಹುಲಿಗಿಗೆ ಹೊರಟ ಮನೆಯಲ್ಲಿ ಮುಂದೆ ಹಿರಿಯ ಗಂಡಸು, ನಡುವೆ ಹೆಣ್ಣುಮಕ್ಕಳು ಮತ್ತು ಕೂಸು, ಹಿಂದೆ ಹುಡುಗರು. ಹುಡುಗರು ಇಲ್ಲದ ದಿನ ಹಿಂದಕ್ಕೆ ಹೋಗುವವರು ಯಾವುದಕ್ಕೂ ಇಲ್ಲ ಅನ್ನದ ಸಣ್ಣವ್ವನೋ ಅತ್ತೆಯೋ. ಅಂಜನಾದ್ರಿಯ 575 ಮೆಟ್ಟಿಲು ಇಳಿದು ಬಂದ ಅವರ ಮೊಣಕಾಲು ನಡುಸಾಲಿನ ಸೀಟನ್ನು ದಾಟಿ, ಬಗ್ಗಿ, ಹಿಂದೆ ಹೋಗಿ ಮಡಚಿಕೊಳ್ಳಬೇಕು.

ಕ್ರಿಸ್ಟಾದವರೆಗಿನ ಇನ್ನೋವಾ ಈ ಪರೀಕ್ಷೆಯಲ್ಲಿ ಎಡವುವುದಕ್ಕೆ ಕಾರಣ ಗಾಡಿಯ ತಳದಲ್ಲಿದೆ. ಲಾರಿಯಂತೆ ಅದಕ್ಕೆ ಚಾಸಿ ಇದೆ, ಹಿಂದಿನ ಚಕ್ರಕ್ಕೆ ಎಳೆತ ಇದೆ. ಎಂಜಿನ್‌ನಿಂದ ಶಾಫ್ಟ್ ಹಿಂದಕ್ಕೆ ಬರುತ್ತದೆ, ಹಿಂದಿನ ಆ್ಯಕ್ಸಲ್‌ನ ನಡುವೆ ಗುಂಡು ಡಿಫರೆನ್ಷಿಯಲ್ ಕೂರುತ್ತದೆ, ಹೊಂಡ ಬಂದಾಗ ಅದಕ್ಕೆ ಮೇಲೆ ಕೆಳಗೆ ಆಡಲು ಜಾಗ ಬೇಕು. ಇಷ್ಟೆಲ್ಲ ಇರುವುದು ಮೂರನೇ ಸಾಲಿನ ಕೆಳಗೆ. ಹಾಗಾಗಿ ನೆಲ ಮೇಲೇರುತ್ತದೆ. ನೆಲ ಏರಿದಷ್ಟು ಸೀಟು ಏರುವುದಿಲ್ಲ, ತಲೆಯ ಮೇಲೆ ಛಾವಣಿ ಇದೆಯಲ್ಲ. ಸೀಟು ಮತ್ತು ನೆಲದ ನಡುವೆ ಅಂತರ ಕಡಿಮೆಯಾಗಿ ಮೊಣಕಾಲು ಎದೆಯ ಕಡೆಗೆ ಬರುತ್ತದೆ, ತೊಡೆಗೆ ಆಸರೆ ತಪ್ಪುತ್ತದೆ, ಮೈಯ ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಹೊಸಪೇಟೆಯಿಂದ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿ ಬರುವ ಹೊತ್ತಿಗೆ ಆ ಸೊಂಟ ತನ್ನ ತೀರ್ಪನ್ನು ಹೇಳಿರುತ್ತದೆ. ಅಗಲದಲ್ಲಿ, ತಲೆಯ ಮೇಲಿನ ಜಾಗದಲ್ಲಿ ಇನ್ನೋವಾ ಮಾರುತಿ ಎರ್ಟಿಗಾಗಿಂತ ಉದಾರಿ ಎಂಬುದನ್ನು ಒಪ್ಪುತ್ತೇನೆ. ಛಾವಣಿಯಿಂದ ಮೂರನೇ ಸಾಲಿನವರೆಗೆ ಎ.ಸಿ. ಗಾಳಿ ತಲುಪಿಸುವುದರಲ್ಲೂ ಅದು ಮುಂದೆ. ಆದರೆ ಕೂತವರ ಕಾಲು ಹೇಗಿದೆ ಎಂಬ ಪ್ರಶ್ನೆಗೆ ಅಗಲ ಉತ್ತರವಾಗುವುದಿಲ್ಲ.

ಹಿಂದಿನ ಚಕ್ರದ ಎಳೆತ ಇಲ್ಲದಿದ್ದರೆ ಸಂಡೂರಿನ ಗುಡ್ಡ ಹತ್ತುವುದು ಹೇಗೆ ಎಂದು ಕೇಳುವವರಿದ್ದಾರೆ. ಪೂರ್ತಿ ಭಾರ ಹೊತ್ತು ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ಹೆಚ್ಚುತ್ತದೆ; ಆ ಮಾತು ನಿಜ. ಆದರೆ ಅದಿರಿನ ಟಿಪ್ಪರ್‌ಗಳು ದಿನವಿಡೀ ಓಡಾಡುವ ಡಾಂಬರು ರಸ್ತೆ ಅದು, ಮುಂದಿನ ಚಕ್ರದ ಎಳೆತದ ಕಾರುಗಳೂ ನಿತ್ಯ ಹತ್ತಿ ಇಳಿಯುತ್ತಿವೆ. ಇನ್ನೂ ದೊಡ್ಡ ಸಾಕ್ಷಿ ಬಿಡದಿಯಿಂದಲೇ ಬಂತು. 2022ರ ಕೊನೆಯಲ್ಲಿ ಬಂದ ಹೈಕ್ರಾಸ್‌ನಲ್ಲಿ ಟೊಯೊಟಾ ಕಂಪನಿಯೇ ಚಾಸಿಯನ್ನೂ ಹಿಂದಿನ ಚಕ್ರದ ಎಳೆತವನ್ನೂ ಡೀಸೆಲ್ಲನ್ನೂ ಬಿಟ್ಟಿತು. ಹದಿನೇಳು ವರ್ಷ ಯಾವ ವಿನ್ಯಾಸವನ್ನು ಕುಟುಂಬಕ್ಕೆ ಸರ್ವೋತ್ತಮ ಎಂದು ನಮ್ಮ ವಿಮರ್ಶಕರು ಹೊಗಳಿದರೋ ಅದನ್ನು ಕಂಪನಿ ಹೊಸ ಗಾಡಿಯಲ್ಲಿ ಕೈಬಿಟ್ಟಾಗ, ಹೊಸದನ್ನೂ ಅವರು ಅಷ್ಟೇ ಉತ್ಸಾಹದಿಂದ ಹೊಗಳಿದರು. ಹಿಂದೆ ಬರೆದದ್ದನ್ನು ತಿದ್ದಿಕೊಂಡವರನ್ನು ನಾನು ಕಾಣೆ.

ಸಾಮಾನಿನ ಲೆಕ್ಕವೂ ಹೀಗೆಯೇ. ಇನ್ನೋವಾದ ಮೂರನೇ ಸಾಲು ಎರಡು ಭಾಗವಾಗಿ ಮಡಚಿ ಎರಡೂ ಬದಿಯ ಗಾಜಿಗೆ ಒರಗಿ ನಿಲ್ಲುತ್ತದೆ. ಕಂಪ್ಲಿಯಿಂದ ಅಕ್ಕಿ ಚೀಲ ತರುವಾಗ ಈ ಎರಡು ಸೀಟುಗಳು ಅಗಲವನ್ನು ನುಂಗುತ್ತವೆ, ಹಿಂದಿನ ಗಾಜಿನ ನೋಟವನ್ನೂ ಕಸಿಯುತ್ತವೆ. ಎರ್ಟಿಗಾದ ಸೀಟು ಮುಂದಕ್ಕೆ ಮಲಗಿ ನೆಲ ಸಪಾಟಾಗುತ್ತದೆ. ಎಲ್ಲ ಸೀಟೂ ಎದ್ದಿರುವಾಗ ಎರ್ಟಿಗಾದ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ, ಕ್ರಿಸ್ಟಾದಲ್ಲಿ 300. ಜಾತ್ರೆಗೆ ಹೊರಟ ಏಳು ಜನರ ಬುತ್ತಿ, ಹಾಸಿಗೆಗೆ ಎರಡೂ ಸಾಲವು. ಕ್ಯಾರಿಯರ್ ಕಟ್ಟಿಸಲೇಬೇಕು.

ಈಗ ಬೆಂಗಳೂರಿನ ವಿಮರ್ಶಕರ ಒಂದು ವಾಕ್ಯಕ್ಕೆ ಬರುತ್ತೇನೆ. ಎರ್ಟಿಗಾ ಇರಲಿ, ಕಿಯಾ ಕ್ಯಾರೆನ್ಸ್ ಇರಲಿ, ರೆನೋ ಟ್ರೈಬರ್ ಇರಲಿ, ಅರ್ಧ ನಿಮಿಷ ಹಿಂದೆ ಕೂತೆದ್ದು ಅವರು ಹೇಳುವುದು ಒಂದೇ: ‘ಮೂರನೇ ಸಾಲು ಮಕ್ಕಳಿಗೆ ಸಾಕು.’ ಈ ವಾಕ್ಯ ನನಗೆ ಸಿಟ್ಟು ತರಿಸುತ್ತದೆ. ಹಿಂದಿನಿಂದ ಟಿಪ್ಪರ್ ಗುದ್ದಿದರೆ ಮೊದಲ ಪೆಟ್ಟು ಬೀಳುವ ಸಾಲು ಅದು. ತಲೆಗೂ ಹಿಂಬಾಗಿಲ ಗಾಜಿಗೂ ನಡುವೆ ಹೆಚ್ಚು ಜಾಗವಿಲ್ಲ. ಮಕ್ಕಳ ಸೀಟು ಕಟ್ಟುವ ಐಸೊಫಿಕ್ಸ್ ಕೊಂಡಿಗಳು ಎರ್ಟಿಗಾದಲ್ಲಿ ಎರಡನೇ ಸಾಲಿನಲ್ಲಿವೆ, ಮೂರನೆಯದರಲ್ಲಿಲ್ಲ. ದೊಡ್ಡವರ ಕಾಲು ಹಿಡಿಸದ ಜಾಗ ಮಕ್ಕಳಿಗೆ ಯೋಗ್ಯ ಎಂದು ತೀರ್ಮಾನಿಸಲು ಕಾಲಿನ ಉದ್ದ ಬಿಟ್ಟು ಬೇರೆ ಯಾವ ಆಧಾರ ಅವರ ಬಳಿ ಇದೆ?

ಇದೇ ವಿಮರ್ಶಕರು ಗಾಡಿ ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನ ನಕ್ಷತ್ರಗಳನ್ನು ಜಪಿಸುವ ರೀತಿಯೂ ಸರಿಯಿಲ್ಲ. ಎರ್ಟಿಗಾಗೆ 2019ರಲ್ಲಿ ಮೂರು ನಕ್ಷತ್ರ ಬಂತು, 2024ರಲ್ಲಿ ಒಂದು. ಗಾಡಿ ಕೆಟ್ಟಿತು ಎಂದು ಕೆಲವರು ಬರೆದರು. ನಡುವೆ ಪರೀಕ್ಷೆಯ ನಿಯಮವೇ ಬಿಗಿಯಾಗಿತ್ತು; ಪಕ್ಕದ ಪೆಟ್ಟು, ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ ಎಲ್ಲ ಲೆಕ್ಕಕ್ಕೆ ಬಂದಿದ್ದವು. ಹಳೆಯ ನಿಯಮದಲ್ಲಿ ಹೋಲಿಸುವುದಾದರೆ 2018ರಲ್ಲಿ ನಾಲ್ಕು ನಕ್ಷತ್ರ ಪಡೆದ ಮರಾಜೊವನ್ನು 2019ರ ಎರ್ಟಿಗಾದ ಜೊತೆ ಹೋಲಿಸಬೇಕು. ಅದಕ್ಕಿಂತ ಮುಖ್ಯವಾದದ್ದು, ಆ ಪರೀಕ್ಷೆಗಳಲ್ಲಿ ದೊಡ್ಡವರ ಬೊಂಬೆಗಳು ಕೂರುವುದು ಮುಂದಿನ ಸಾಲಿನಲ್ಲಿ, ಮಕ್ಕಳ ಬೊಂಬೆಗಳು ಎರಡನೆಯದರಲ್ಲಿ. ಮೂರನೇ ಸಾಲಿನಲ್ಲಿ ಕೂತವರ ಬಗ್ಗೆ ಆ ನಕ್ಷತ್ರಗಳು ಏನನ್ನೂ ಹೇಳುವುದಿಲ್ಲ. ಹಾಗಿರುವಾಗ ಮೂರನೇ ಸಾಲಿನವರೆಗೂ ಕರ್ಟನ್ ಏರ್‌ಬ್ಯಾಗ್ ಚಾಚುವ ಕ್ಯಾರೆನ್ಸ್‌ನಂಥ ಗಾಡಿಯ ಬಗ್ಗೆ ಬರೆಯುವವರು ಆ ಅಂಶಕ್ಕೆ ಒಂದು ಸಾಲು, ಟಚ್‌ಸ್ಕ್ರೀನಿಗೆ ಹತ್ತು ಸಾಲು ಕೊಡುವುದನ್ನು ವಿಮರ್ಶೆ ಎನ್ನಲು ನಾನು ಒಪ್ಪುವುದಿಲ್ಲ.

ಅವರ ಎರಡನೇ ಆಯುಧ ರೀಸೇಲ್. ಇನ್ನೋವಾಗೆ ರೀಸೇಲ್ ಇದೆ, ಮರಾಜೊಗೆ ಇಲ್ಲ, ಮಾತು ಮುಗಿಯಿತು. ಎರಡು ವರ್ಷಕ್ಕೊಮ್ಮೆ ಗಾಡಿ ಬದಲಿಸುವ ನಗರದವರಿಗೆ ಈ ವಾದ ಒಪ್ಪೀತು. ನಮ್ಮ ಕಡೆ ಮನೆಗೆ ಬಂದ ಗಾಡಿ ಹತ್ತು ಹನ್ನೆರಡು ವರ್ಷ ಇರುತ್ತದೆ, ಮಗಳ ಮದುವೆಗೂ ಅದೇ, ಮೊಮ್ಮಗನ ಜವಳಕ್ಕೂ ಅದೇ. ರೀಸೇಲ್ ಚೆನ್ನಾಗಿರುವ ಹಳೆಯ ಗಾಡಿ ಎಂದರೆ ಕೊಳ್ಳುವಾಗ ಹೆಚ್ಚು ಕೊಡಬೇಕಾದ ಗಾಡಿ ಎಂದೇ ಅಲ್ಲವೇ? ಆ ಹೆಚ್ಚಿನ ಹಣ ನಾಲ್ಕು ಲಕ್ಷ ಎಂದಿಟ್ಟುಕೊಳ್ಳಿ; ಅದನ್ನು ಶೇ 12ರ ಬಡ್ಡಿಗೆ ಐದು ವರ್ಷಕ್ಕೆ ಸಾಲ ತಂದರೆ ಬಡ್ಡಿಯೇ ಸುಮಾರು 1.34 ಲಕ್ಷ. ಮುಂದೆಂದೋ ಬರುವ ಗಿರಾಕಿಯ ಸಂತೋಷಕ್ಕಾಗಿ ಇವತ್ತಿನ ಕಂತು ಕಟ್ಟುವ ಲೆಕ್ಕ ಇದು. ಬೇಡಿಕೆಯಿಲ್ಲದೆ ಬೆಲೆ ಇಳಿದ ಒಳ್ಳೆಯ ಗಾಡಿ, ಮಾರುವ ಯೋಚನೆಯೇ ಇಲ್ಲದ ಮನೆಗೆ ಲಾಭ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಇದೆ: 20 ಲಕ್ಷ ದಾಟಿದ ಹೊಸ ಗಾಡಿಗೆ ಶೇ 18, ಮೇಲೆ ಸೆಸ್. ಅಂದರೆ ಮೂರೂವರೆ ಲಕ್ಷಕ್ಕೂ ಹೆಚ್ಚು. ಹತ್ತರಿಂದ 20 ಲಕ್ಷದೊಳಗಿನದಕ್ಕೆ ಶೇ 17. ಇಲ್ಲಿಯೇ ಪಾಸಿಂಗ್ ಆದ ಹಳೆಯ ಗಾಡಿಯಲ್ಲಿ ಈ ಹಣವನ್ನು ಮೊದಲ ಮಾಲೀಕ ಕಟ್ಟಿ ಮುಗಿಸಿರುತ್ತಾನೆ. ರಾಯದುರ್ಗದ ಕಡೆಯಿಂದ ಅಗ್ಗಕ್ಕೆ ಬರುವ ಆಂಧ್ರ ಪಾಸಿಂಗ್ ಗಾಡಿಗೆ ಎನ್‌ಒಸಿ ತಂದು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಆಗ ಅಗ್ಗ ಉಳಿಯುವುದಿಲ್ಲ.

ಮರಾಜೊ 2018ರ ಸೆಪ್ಟೆಂಬರಿನಲ್ಲಿ ಬಂತು. ಅದಕ್ಕೂ ಚಾಸಿ ಇದೆ, ಆದರೆ ಎಳೆತ ಮುಂದಿನ ಚಕ್ರಕ್ಕೆ. ಈ ಜೋಡಣೆ ಅಪರೂಪದ್ದು. ಹಿಂದೆ ಡಿಫರೆನ್ಷಿಯಲ್ ಇಲ್ಲ, ಶಾಫ್ಟ್ ಇಲ್ಲ. ಹಾಗಾಗಿ ಚಾಸಿಯ ಗಟ್ಟಿತನ ಉಳಿದೂ ಹಿಂದಿನ ನೆಲವನ್ನು ತಗ್ಗಿಸಲು ಸಾಧ್ಯವಾಯಿತು. 4,585 ಮಿಲಿಮೀಟರ್ ಉದ್ದ, 1,866 ಮಿಲಿಮೀಟರ್ ಅಗಲ. ಕ್ರಿಸ್ಟಾಗಿಂತ ಗಿಡ್ಡ, ಆದರೂ ಅಗಲ ಹೆಚ್ಚು. ಎ.ಸಿ.ಯ ಕಿಂಡಿಗಳನ್ನು ಛಾವಣಿಯ ನಡುವೆ ಉದ್ದಕ್ಕೆ ಇಟ್ಟಿದ್ದಾರೆ. ಮೇ ತಿಂಗಳ ಮಧ್ಯಾಹ್ನ, ಹಂಪಿಯ ಬಂಡೆಗಳ ನಡುವೆ ಕಾದ ಗಾಡಿಗೆ ಹತ್ತಿದವರಿಗೆ ಇದರ ಬೆಲೆ ತಿಳಿಯುತ್ತದೆ. 2025ಕ್ಕೆ ಮುಂಚಿನ ಎರ್ಟಿಗಾಗಳಲ್ಲಿ ಛಾವಣಿಯ ಗಾಳಿ ಎರಡನೇ ಸಾಲಿನವರಿಗಷ್ಟೇ ನೇರ, ಹಿಂದಿನವರು ಕಾಯಬೇಕು. ಮರಾಜೊದ ಕೊರತೆಗಳೂ ಇವೆ: ಏರ್‌ಬ್ಯಾಗ್ ಎರಡೇ, ಮಕ್ಕಳ ಸುರಕ್ಷತೆಗೆ ಸಿಕ್ಕಿದ್ದು ಎರಡೇ ನಕ್ಷತ್ರ. ತಯಾರಿಕೆಯೂ ನಿಂತಿದೆ. ಹೊಸ ಗಾಡಿಯನ್ನೇ ಕೊಳ್ಳುವವರಿಗೆ, ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಕೂಡ ಓಡಿಸದವರಿಗೆ, ಪೆಟ್ರೋಲಿನ ಕ್ಯಾರೆನ್ಸ್ ಸಾಕು. ಓಮ್ನಿಯ ಜಾರುಬಾಗಿಲನ್ನು ನೆನೆದು ಈಕೊ ಕೇಳುವವರಿಗೆ ನನ್ನ ಉತ್ತರ ಒಂದೇ: 2016ರ ಪರೀಕ್ಷೆಯಲ್ಲಿ ಈಕೊಗೆ ಸೊನ್ನೆ ನಕ್ಷತ್ರ ಬಂದಿತ್ತು.

ಹಳೆಯ ಗಾಡಿ ಯಾವುದೇ ಇರಲಿ, ಅದರ ಹಿಂದಿನ ಜೀವನ ಬರೆದಿರುವುದೂ ಮೂರನೇ ಸಾಲಿನಲ್ಲೇ. ಬಾನೆಟ್ ತೊಳೆದು ಹೊಳೆಯಿಸುವ ಬ್ರೋಕರ್ ಹಿಂದಿನ ಸೀಟಿನ ಬೆಲ್ಟ್ ತೊಳೆಯುವುದು ಕಡಿಮೆ. ಅದನ್ನು ಕೊನೆಯವರೆಗೆ ಎಳೆಯಿರಿ. ಸುತ್ತಿಕೊಂಡ ಒಳಭಾಗದಲ್ಲಿ ಕೆಂಪು ಪುಡಿ ಕೈಗೆ ಹತ್ತಿದರೆ ಗಾಡಿ ಗಣಿ ರಸ್ತೆಯಲ್ಲಿ ದುಡಿದಿದೆ, ಎ.ಸಿ. ಬ್ಲೋವರ್, ಬಾಗಿಲ ರಬ್ಬರ್, ಸೀಟು ಸರಿಯುವ ಹಳಿ ಎಲ್ಲದರಲ್ಲೂ ಅದೇ ಅದಿರು ಇರುತ್ತದೆ. ಕೆಸರಿನ ಗೆರೆಯೋ ಮುಗ್ಗಲು ವಾಸನೆಯೋ ಇದ್ದರೆ ನೀರಿನಲ್ಲಿ ನಿಂತ ಗಾಡಿ. ತುಂಗಭದ್ರೆಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗುವ ಸೀಮೆ ಇದು, ಈ ಅನುಮಾನ ಅತಿಯಾದದ್ದಲ್ಲ. ಬೆಲ್ಟಿನ ಚೀಟಿಯಲ್ಲಿ ತಯಾರಾದ ವರ್ಷ ಇರುತ್ತದೆ. ಗಾಡಿಗಿಂತ ಅದು ಹೊಸದಾಗಿದ್ದರೆ ಹಳೆಯದು ಏಕೆ ಹೋಯಿತು ಎಂದು ಕೇಳಿ. ನಡುಸಾಲು ಸವೆದು ಹಿಂದಿನ ಸಾಲು ಹೊಸದರಂತೆ ಇದ್ದು, ಛಾವಣಿಯಲ್ಲಿ ಕ್ಯಾರಿಯರ್ ಕಚ್ಚಿದ ಗುರುತಿದ್ದರೆ ಅದು ಹಂಪಿಯ ಪ್ರವಾಸಿಗರನ್ನು ಹೊತ್ತ ಹಳದಿ ಬೋರ್ಡ್ ಆಗಿದ್ದೀತು. ಬಿಳಿ ಬೋರ್ಡ್‌ಗೆ ಬದಲಾಗುವಾಗ ಪರ್ಮಿಟ್ ಒಪ್ಪಿಸಿದ್ದಾರೆಯೇ, ತೆರಿಗೆಯ ಬಾಕಿ ಕಟ್ಟಿದ್ದಾರೆಯೇ, ಆರ್‌ಸಿಯಲ್ಲಿ ಸಾಲದ ನಮೂದು ತೆಗೆಸಿದ್ದಾರೆಯೇ ಎಂದು ಕಾಗದದಲ್ಲೇ ನೋಡಬೇಕು, ಬಾಯಿಮಾತಿನಲ್ಲಿ ಅಲ್ಲ.

ಮರಾಜೊ ಕೊಳ್ಳಲು ಮನಸ್ಸು ಮಾಡಿದವರಿಗೆ ಒಂದು ಎಚ್ಚರಿಕೆ ಬಾಕಿಯಿದೆ. ಅದರ 1.5 ಲೀಟರ್ ಡೀಸೆಲ್ ಎಂಜಿನ್ ಎಕ್ಸ್‌ಯುವಿ300ರಲ್ಲೂ ಬಂದಿದ್ದರಿಂದ ಎಂಜಿನ್ ಕೆಲಸಕ್ಕೆ ತೊಂದರೆ ಕಡಿಮೆ. ಆದರೆ ಮುಂಗಾಜು, ಹೆಡ್‌ಲೈಟ್, ಬಂಪರ್, ಬಾಗಿಲು ಆ ಗಾಡಿಯವೇ ಆಗಬೇಕು. ಅಡ್ವಾನ್ಸ್ ಕೊಡುವ ಮುಂಚೆ ಸರ್ವಿಸ್ ಸ್ಟೇಷನ್ನಿಗೆ ಹೋಗಿ ಈ ನಾಲ್ಕರ ಬೆಲೆಯನ್ನೂ ಬರಲು ಎಷ್ಟು ದಿನ ಬೇಕು ಎಂಬುದನ್ನೂ ಬರೆಸಿಕೊಳ್ಳಿ. ಆಮೇಲೆ ಮನೆಯ ಹಿರಿಯರನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಸಂಡೂರಿನವರೆಗೆ ಓಡಿಸಿ.