ಹಸಿರು ಚುಕ್ಕೆಯೂ ಶ್ರಾವಕರ ವಿವೇಕವೂ

ಚರ್ಮದ ತೇವ ಮತ್ತು ತಾರುಣ್ಯಕ್ಕೆಂದು ಮಾರುವ ಮಾತ್ರೆಗಳ ಮೇಲೆ ‘ಸಂಪೂರ್ಣ ಸಸ್ಯಮೂಲ’ ಎಂಬ ಮಾತು ಈಗ ಸಾಮಾನ್ಯವಾಗಿದೆ. ಅದನ್ನು ಕಂಡ ಶ್ರಾವಕ-ಶ್ರಾವಿಕೆಯರು ಅಹಿಂಸೆಗೆ ಬಾಧೆಯಿಲ್ಲವೆಂದು ನಿಶ್ಚಿಂತರಾಗುವುದು ಸಹಜ. ಆದರೆ ಆ ಮಾತನ್ನು ಪರೀಕ್ಷಿಸದೆ ಒಪ್ಪುವುದು ಉಚಿತವಲ್ಲ.

ಮೊದಲನೆಯದು ಹೆಸರಿನ ಪ್ರಶ್ನೆ. ಕೊಲಾಜೆನ್ ಪ್ರಾಣಿದೇಹದ ಪ್ರೋಟೀನು; ಯಾವ ಸಸ್ಯವೂ ಸ್ವಭಾವತಃ ಅದನ್ನು ಉತ್ಪಾದಿಸದು. ಹೀಗಿರುವಾಗ ‘ಸಸ್ಯ ಕೊಲಾಜೆನ್’ ಎಂದು ಮಾರುವುದು ಸತ್ಯಾಣುವ್ರತದ ದೃಷ್ಟಿಯಿಂದಲೇ ಆಕ್ಷೇಪಾರ್ಹ. ಅಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಕೊಲಾಜೆನ್ ರಚನೆಗೆ ಶರೀರಕ್ಕೆ ಬೇಕಾದ ‘ಸಿ’ ಜೀವಸತ್ವ ಮೊದಲಾದವು. ಅದು ನೆಲ್ಲಿಕಾಯಿಯಲ್ಲಿಯೇ ಧಾರಾಳವಾಗಿದೆ.

ಎರಡನೆಯದು ಮೂಲದ ಪ್ರಶ್ನೆ. ಚರ್ಮದ ಹೊರಪದರದಿಂದ ನೀರು ಆರಿಹೋಗದಂತೆ ತಡೆಯುವ ಜಿಡ್ಡಿನ ಪದಾರ್ಥಗಳಲ್ಲಿ ಸೆರಮೈಡ್ ಮುಖ್ಯವಾದುದು. ಅದರ ಸಸ್ಯರೂಪವನ್ನು ಗೋಧಿ, ಅಕ್ಕಿಗಳಿಂದ ತೆಗೆಯುವಂತೆ ಕೊಂಜಾಕ್ ಎಂಬ ಗೆಡ್ಡೆಯಿಂದಲೂ ತೆಗೆಯುತ್ತಾರೆ. ಇದು ನಮ್ಮ ಸುವರ್ಣಗೆಡ್ಡೆಯ ಕುಲಕ್ಕೇ ಸೇರಿದ್ದು. ಅನಂತಕಾಯವೆಂದು ಕಂದಮೂಲವನ್ನು ಅಡುಗೆಮನೆಯಿಂದ ದೂರವಿಟ್ಟವರು ಅದರ ಸಾರವನ್ನೇ ಮಾತ್ರೆಯಲ್ಲಿ ನುಂಗಿದಂತಾಗುತ್ತದೆ. ಕಾನೂನಿನಿಂದ ಕಡ್ಡಾಯವಾದ ಹಸಿರು ಚುಕ್ಕೆ ಇದನ್ನು ತಿಳಿಸದು. ಗೆಡ್ಡೆಗೂ ಧಾನ್ಯಕ್ಕೂ ಅದು ಭೇದವೆಣಿಸದು, ಜೇನನ್ನೂ ಒಪ್ಪುತ್ತದೆ. ಅದು ಶಾಕಾಹಾರದ ಗುರುತೇ ಹೊರತು ಶ್ರಾವಕಾಚಾರದ ಗುರುತಲ್ಲ.

ಮೂರನೆಯದು ಫಲದ ಪ್ರಶ್ನೆ. 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 51 ಮಹಿಳೆಯರ ಪೈಕಿ ಕೆಲವರಿಗೆ ದಿನಕ್ಕೆ 350 ಮಿಲಿಗ್ರಾಂ ಗೋಧಿಸಾರವನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ 3 ತಿಂಗಳು ಕೊಡಲಾಯಿತು. ಸಾರ ಸೇವಿಸಿದವರ ತೋಳು-ಕಾಲುಗಳ ಚರ್ಮದಲ್ಲಿ ತೇವ ಹೆಚ್ಚಿತು. ಆದ್ದರಿಂದ ಪ್ರಯೋಜನವೇ ಇಲ್ಲವೆನ್ನಲಾಗದು. ಆದರೆ ಒಣಚರ್ಮಕ್ಕೆ ನೆರವಾಗುವುದು ಬೇರೆ, ಮುಪ್ಪನ್ನು ತಡೆಯುವುದು ಬೇರೆ. ಮೊದಲನೆಯದಕ್ಕೆ ದೊರೆತ ಅಲ್ಪ ಸಾಕ್ಷ್ಯವನ್ನು ಎರಡನೆಯದಕ್ಕೂ ಚಾಚುವುದು ಜಾಹೀರಾತಿನ ಚಾತುರ್ಯ.

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುತ್ತ ಮೂಲಂಗಿ, ಹಸಿಶುಂಠಿಗಳನ್ನು ವರ್ಜಿಸಲು ಕೊಟ್ಟ ಕಾರಣ, ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ ಎಂಬುದು. ಗೆಡ್ಡೆಯಿಂದ ತೆಗೆದ ಈ ಮಾತ್ರೆಗೂ ಅದೇ ಅಳತೆ ಸಲ್ಲಬೇಕು.

ಒಣಚರ್ಮದ ಬಾಧೆಯುಳ್ಳವರು ವೈದ್ಯರ ಸಲಹೆಯಂತೆ ಧಾನ್ಯಮೂಲದ ಮಾತ್ರೆಯನ್ನು ಸೇವಿಸುವುದರಲ್ಲಿ ತಪ್ಪೆಣಿಸಬೇಕಾಗಿಲ್ಲ. ಸಾರ ಯಾವ ಸಸ್ಯದ್ದು, ಕವಚ ಜಿಲೆಟಿನ್ನಿನದೇ ಎಂಬುದನ್ನು ಮಾತ್ರ ತಯಾರಕರನ್ನು ಕೇಳಿಯೇ ಕೊಳ್ಳಬೇಕು. ಸುಕ್ಕಿಗೆ ಅಂಜಿ ಕೊಳ್ಳುವವರಾದರೋ, ತಾವು ನಿತ್ಯ ಪಠಿಸುವ ಅನುಪ್ರೇಕ್ಷೆಗಳಲ್ಲಿ ಅನಿತ್ಯವೂ ಅಶುಚಿಯೂ ಇವೆಯೆಂಬುದನ್ನು ಒಮ್ಮೆ ನೆನೆಯುವುದು ಒಳ್ಳೆಯದು.